ಡೋಪಮೈನ್ ಅಂದರೆ ಖುಷಿನಾ? ಓದುಗರ ಪ್ರಶ್ನೆಗಳು

ಪ್ರಶ್ನೆ: ರಾತ್ರಿ ರೀಲ್ಸ್ ನೋಡ್ತಾ ಒಂದು ಗಂಟೆ ದಾಟಿಬಿಡುತ್ತೆ. ಮೂರು ದಿನ ಮೊಬೈಲ್ ಮುಟ್ಟದೆ 'ಡೋಪಮೈನ್ ಡಿಟಾಕ್ಸ್' ಮಾಡಿದರೆ ಮಿದುಳು ಸರಿಹೋಗುತ್ತಾ? (ದಾವಣಗೆರೆ)

ಉತ್ತರ: ಡೋಪಮೈನ್ ಅಂದರೆ ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಒಂದು ರಾಸಾಯನಿಕ. ಅದು ಕೊಳೆಯಲ್ಲ, ತೊಳೆದು ತೆಗೆಯೋಕೆ. ಅದು ಪೂರ್ತಿ ಖಾಲಿಯಾದರೆ ಹಾಸಿಗೆಯಿಂದ ಏಳುವುದೂ ಕಷ್ಟ. 'ಖುಷಿಯ ರಾಸಾಯನಿಕ' ಅನ್ನುವ ಹೆಸರೇ ದಾರಿ ತಪ್ಪಿಸಿದೆ. ವುಲ್ಫ್‌ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು, ಅವುಗಳ ಡೋಪಮೈನ್ ನರಕೋಶಗಳು ಏನು ಮಾಡುತ್ತವೆ ಅಂತ ಅಳೆದರು. ಮೊದಮೊದಲು ರಸ ಸಿಕ್ಕಾಗ ಕೋಶಗಳು ಚುರುಕಾದವು. ಲೈಟು ಹತ್ತಿದ ಮೇಲೆ ರಸ ಬರುತ್ತೆ ಅಂತ ಕೋತಿ ಕಲಿತ ಮೇಲೆ ಲೈಟಿಗೇ ಚುರುಕಾದವು, ರಸಕ್ಕಲ್ಲ. ಲೈಟು ಹತ್ತಿಯೂ ರಸ ಬರದೇ ಹೋದರೆ, ಬರಬೇಕಿದ್ದ ಹೊತ್ತಿಗೆ ಸರಿಯಾಗಿ ತೆಪ್ಪಗಾದವು. ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಿಕ್ಕಿತಾ, ಕಮ್ಮಿ ಸಿಕ್ಕಿತಾ ಅನ್ನುವ ಲೆಕ್ಕ ಇದು. ನಾವು ಕಲಿಯುವುದರಲ್ಲಿ ಈ ಲೆಕ್ಕದ ಪಾಲು ದೊಡ್ಡದು, ಚಟ ಅಂಟುವುದರಲ್ಲೂ ಅಷ್ಟೇ.

ಮುಂದಿನ ರೀಲ್ ಚೆನ್ನಾಗಿರುತ್ತೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ಈ ಲೆಕ್ಕ ಮುಗಿಯುವುದೇ ಇಲ್ಲ. ಮೂರು ದಿನ ಬಿಟ್ಟು ನಾಲ್ಕನೇ ದಿನ ಅದೇ ದಿಂಬು, ಅದೇ ಮೊಬೈಲ್ ಆದರೆ ಏನುಪಯೋಗ? ನಿಮ್ಮ ಪಾಲಿಗೆ ಆ ದಿಂಬೇ ಲೈಟು. ರಾತ್ರಿ ಚಾರ್ಜರನ್ನು ಹಾಲ್‌ನಲ್ಲಿ ಇಡಿ.

ಪ್ರಶ್ನೆ: ಅಪ್ಪನಿಗೆ ಪಾರ್ಕಿನ್ಸನ್. ಮಾತ್ರೆಯಿಂದ ನಡಿಗೆ ಸುಧಾರಿಸಿದೆ, ಆದರೆ ಸಂಜೆಯಾದರೆ ಮೂಲೆಯಲ್ಲಿ ಮಕ್ಕಳು ಕೂತಿದ್ದಾರೆ ಅನ್ನುತ್ತಾರೆ. ಕಣ್ಣು ಸರಿಯಿದೆಯಂತೆ. ಹುಚ್ಚು ಹಿಡಿಯುತ್ತಿದೆಯಾ? (ಚಿಕ್ಕಮಗಳೂರು)

ಉತ್ತರ: ಹೆದರಬೇಡಿ, ಈ ಕಾಯಿಲೆಯಲ್ಲಿ ಇದು ಅಪರೂಪವೇನಲ್ಲ. ಕಾಯಿಲೆಯಿಂದಲೂ ಬರಬಹುದು, ಮಾತ್ರೆಯಿಂದಲೂ ಬರಬಹುದು. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮ ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಅನ್ನು ಆಗ ಬಿಪಿಗೂ ಮಾನಸಿಕ ಕಾಯಿಲೆಗೂ ಕೊಡುತ್ತಿದ್ದರು. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಇಳಿಬಿಟ್ಟು, ಅಲುಗಾಡದೆ ಬಿದ್ದುಕೊಂಡವು. ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು! ಇದು 1957ರ ಮಾತು. ರಿಸರ್ಪಿನ್ ಮಿದುಳಿನ ಡೋಪಮೈನನ್ನು ಬರಿದು ಮಾಡಿತ್ತು. ಎಲ್-ಡೋಪಾ ಮಿದುಳಿನೊಳಗೆ ಹೋಗಿ ಡೋಪಮೈನ್ ಆಗಿ ಬದಲಾಗಿ ಆ ಜಾಗ ತುಂಬಿತ್ತು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ನಿಮ್ಮಪ್ಪನ ಮಾತ್ರೆಯಲ್ಲೂ ಬಹುಶಃ ಅದೇ ಎಲ್-ಡೋಪಾ ಇರುತ್ತದೆ. ಯಾಕೆಂದರೆ ಡೋಪಮೈನನ್ನೇ ನುಂಗಿದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ.

ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಮುಖ್ಯವಾಗಿ ಬತ್ತುವುದು ಕೈಕಾಲಿನ ಚಲನೆ ನೋಡಿಕೊಳ್ಳುವ ಭಾಗದಲ್ಲಿ. ಮಾತ್ರೆಗೆ ಆ ವಿಳಾಸ ಗೊತ್ತಿಲ್ಲವಲ್ಲ, ಮಿದುಳಿಡೀ ಹರಡುತ್ತದೆ. ಡೋಪಮೈನ್ ಆಗಲೇ ಸಾಕಷ್ಟಿರುವ ಕಡೆ ಜಾಸ್ತಿಯಾದರೆ ಇಲ್ಲದ್ದು ಕಾಣಿಸಬಹುದು. ಈ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದ ಇದ್ದಕ್ಕಿದ್ದಂತೆ ಜೂಜಿನ ಗೀಳು ಹತ್ತಿದವರೂ ಇದ್ದಾರೆ. ಮನೆಯವರು ಬೈಯುತ್ತಾರೆಯೇ ಹೊರತು ಡಾಕ್ಟರಿಗೆ ಹೇಳುವುದಿಲ್ಲ! ಇದರ ಉಲ್ಟಾ ಕೂಡ ಉಂಟು. ಇಲ್ಲದ್ದು ಕೇಳಿಸುವ, ಕಾಣಿಸುವ ಮಾನಸಿಕ ಕಾಯಿಲೆ ಸ್ಕಿಜೋಫ್ರೇನಿಯಾದ ಎಷ್ಟೋ ಮಾತ್ರೆಗಳು ಡೋಪಮೈನ್‌ನ ಕೆಲಸ ತಡೆಯುತ್ತವೆ, ಅದಕ್ಕೇ ಕೆಲವರಿಗೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ.

ನರರೋಗ ತಜ್ಞರಿಗೆ ಬೇಗ ತಿಳಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಒಮ್ಮೆಲೇ ಬಿಡುವುದು ಅಪಾಯ. ಯಾರಾದರೂ ನಸುಗುನ್ನಿ ಬೀಜದ ಪುಡಿ ಕೊಟ್ಟಿದ್ದರೆ ಅದನ್ನೂ ಹೇಳಿ. ಅದರಲ್ಲೂ ಎಲ್-ಡೋಪಾ ಇದೆ.

ಪ್ರಶ್ನೆ: ಊಟದ ಮೇಲೆ ಕವಳ ಹಾಕದಿದ್ದರೆ ತಲೆಯೇ ಓಡುವುದಿಲ್ಲ. ಕೆಟ್ಟದ್ದು ತಂಬಾಕು ಮಾತ್ರ ಅಲ್ವಾ? (ಶಿರಸಿ)

ಉತ್ತರ: ಅಡಿಕೆ ಬೆಳೆಯುವ ಊರಿಗೆ ಇದನ್ನು ಬರೆಯುವುದು ಕಷ್ಟ, ಆದರೂ ಅಲ್ಲ. ಗಮನಕ್ಕೆ, ನೆನಪಿಗೆ ಮಿದುಳು ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ರಾಸಾಯನಿಕ ಬಳಸುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ಅಂಶ ಅದರ ವೇಷ ಹಾಕಿ ಬರುತ್ತದೆ. ತಂಬಾಕಿನ ನಿಕೋಟಿನ್ ಕೂಡ ಅದೇ ರಾಸಾಯನಿಕದ ಬೇರೊಂದು ಬಗೆಯ ಗ್ರಾಹಕಗಳಿಗೆ, ಅಂದರೆ ನರಕೋಶದ ಮೇಲೆ ಸುದ್ದಿ ಹಿಡಿಯುವ ಜಾಗಗಳಿಗೆ (ರಿಸೆಪ್ಟರ್), ಅಂಟಿಕೊಳ್ಳುತ್ತದೆ. ತಲೆ ಓಡುವುದು ಸುಳ್ಳಲ್ಲ. ಆದರೆ ಕವಳ ಇಲ್ಲದಾಗ ಓಡದಂತಾಗುವುದು ಅಭ್ಯಾಸ ತಂದಿಟ್ಟದ್ದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದ್ದು 2004ರಲ್ಲೇ.

ಪ್ರಶ್ನೆ: ಡಿಪ್ರೆಶನ್ ಅಂದರೆ ಸೆರೋಟೋನಿನ್ ಕಮ್ಮಿ ಅಂತಾರೆ. ರಕ್ತ ಪರೀಕ್ಷೆ ಮಾಡಿಸಲಾ? (ತುಮಕೂರು)

ಉತ್ತರ: ಸುಮ್ನೆ ದುಡ್ಡು ದಂಡ. ಸೆರೋಟೋನಿನ್ ಕೂಡ ಡೋಪಮೈನ್ ಥರ ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ. ಮೈಯಲ್ಲಿರುವ ಸೆರೋಟೋನಿನ್‌ನ ಬಹುಪಾಲು ಇರುವುದು ಕರುಳಿನಲ್ಲಿ, ಮಿದುಳಿನ ಕತೆ ರಕ್ತದಲ್ಲಿ ಸಿಗುವುದಿಲ್ಲ. ಅದೂ ಅಲ್ಲದೆ, ಡಿಪ್ರೆಶನ್ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸೆರೋಟೋನಿನ್ ಮೇಲೆ ಕೆಲಸ ಶುರುವಾಗುತ್ತದೆ, ಮನಸ್ಸು ಹಗುರಾಗಲು ವಾರಗಳೇ ಬೇಕು. ಬರೀ ಕೊರತೆಯಾಗಿದ್ದರೆ ಇಷ್ಟು ತಡ ಯಾಕೆ? ಮಾತ್ರೆ ಎಷ್ಟೋ ಜನರಿಗೆ ಉಪಯೋಗಕ್ಕೆ ಬರುತ್ತದೆ, ಹತ್ತು ದಿನಕ್ಕೇ ಬೇಸತ್ತು ಬಿಡಬೇಡಿ. ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಸರ್ಕಾರದ ಟೆಲಿ-ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಏಳು ವರ್ಷದ ಮಗಳಿಗೆ ಕನ್ನಡಕ ಬಂದಿದೆ. ಹೊರಗೆ ಆಡಿಸಿ ಅಂದರು ಡಾಕ್ಟರು. ಆಟಕ್ಕೂ ಕಣ್ಣಿಗೂ ಏನು ಸಂಬಂಧ? (ಹುಬ್ಬಳ್ಳಿ)

ಉತ್ತರ: ಆಟಕ್ಕಲ್ಲ, ಬಿಸಿಲಿನ ಬೆಳಕಿಗೆ. ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ ಕೂಡ ಡೋಪಮೈನ್ ಬಿಡುತ್ತದೆ, ಬೆಳಕು ಹೆಚ್ಚಿದ್ದಷ್ಟೂ ಜಾಸ್ತಿ. ಕಣ್ಣಿನ ಗುಡ್ಡೆ ಅತಿಯಾಗಿ ಉದ್ದ ಬೆಳೆದರೆ ದೂರದ್ದು ಮಸುಕಾಗುತ್ತದೆ, ಅದೇ ಸಮೀಪದೃಷ್ಟಿ. ಹಾಗೆ ಬೆಳೆಯುವುದನ್ನು ಡೋಪಮೈನ್ ತಡೆಯುತ್ತದೆ ಅನ್ನುವುದು ಈಗಿನ ಮುಖ್ಯ ವಿವರಣೆ. ಚೀನಾದ ಗ್ವಾಂಗ್‌ಝೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೊರಗಿನ ಚಟುವಟಿಕೆ ಸೇರಿಸಿ ಮೂರು ವರ್ಷ ನೋಡಿದರು. ಸೇರಿಸದ ಶಾಲೆಗಳಲ್ಲಿ ಶೇ. 39.5 ಮಕ್ಕಳಿಗೆ ಸಮೀಪದೃಷ್ಟಿ ಬಂತು, ಸೇರಿಸಿದ ಕಡೆ ಶೇ. 30.4. ಈಗಾಗಲೇ ಬಂದ ನಂಬರ್ ಇದರಿಂದ ಇಳಿಯುವುದಿಲ್ಲ, ಕನ್ನಡಕ ಹಾಕಿಸಿಯೇ ಆಡಲು ಬಿಡಿ.