26 ದಿನದಲ್ಲಿ ಒಂದು ಕಾದಂಬರಿ

ಪ್ರಶ್ನೆ: ರಷ್ಯಾದ ಲೇಖಕ ದಾಸ್ತೋವ್ಸ್ಕಿ ‘ಜೂಜುಕೋರ’ ಕಾದಂಬರೀನ 26 ದಿನದಲ್ಲಿ ಮುಗಿಸಿದ ಅಂತಾರಲ್ಲ, ನಿಜಾನಾ? ಅಷ್ಟು ಅವಸರದಲ್ಲಿ ಬರೆದಿದ್ದು ಚೆನ್ನಾಗಿರೋಕೆ ಸಾಧ್ಯನಾ?

ಉತ್ತರ: ನಿಜಾನೇ. ಆದ್ರೆ ಬರೆದ ಅನ್ನೋದಕ್ಕಿಂತ ಹೇಳಿ ಬರೆಸಿದ ಅನ್ನಬೇಕು, ಯಾಕಂದ್ರೆ ಆ ಕತೇಲಿ ಅನ್ನಾ ಅನ್ನೋ 20 ವರ್ಷದ ಹುಡುಗೀದು ಅರ್ಧ ಪಾಲು ಇದೆ.

1864ರಲ್ಲಿ ದಾಸ್ತೋವ್ಸ್ಕಿಯ ಹೆಂಡತಿ, ಅಣ್ಣ ಇಬ್ಬರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡ್ರು. ಅಣ್ಣ ನಡೆಸ್ತಿದ್ದ ಪತ್ರಿಕೆ ಸಾಲ, ಅಣ್ಣನ ಸಂಸಾರ ಎಲ್ಲಾ ಇವನ ತಲೆ ಮೇಲೆ ಬಂತು. ಸಾಲಗಾರರ ಕಾಟ ತಡೀಲಾರದೆ ಮರುವರ್ಷ ಸ್ಟೆಲ್ಲೋವ್ಸ್ಕಿ ಅನ್ನೋ ಪ್ರಕಾಶಕನ ಹತ್ರ 3000 ರೂಬಲ್‌ಗೆ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡಬೇಕು, ಕೊಡದಿದ್ರೆ ಮುಂದಿನ 9 ವರ್ಷ ಇವನು ಏನೇ ಬರೆದ್ರೂ ಅವನು ಒಂದು ಕಾಸೂ ಕೊಡದೆ ಅಚ್ಚು ಹಾಕ್ಕೋಬಹುದು, ಇದು ಷರತ್ತು. ಇತ್ತ ಇವನದೇ ಇನ್ನೊಂದು ಕಾದಂಬರಿ ‘ಅಪರಾಧ ಮತ್ತು ಶಿಕ್ಷೆ’ ಪತ್ರಿಕೇಲಿ ಕಂತುಕಂತಾಗಿ ಬರ್ತಿತ್ತು, ಅದರಲ್ಲೇ ಮುಳುಗಿಹೋಗಿದ್ದ, ಅಕ್ಟೋಬರ್ ಬಂದ್ರೂ ಹೊಸದರ ಒಂದು ಸಾಲೂ ಆಗಿರಲಿಲ್ಲ. ಗೆಳೆಯರು ‘ನಾವೆಲ್ಲ ಒಂದೊಂದು ಭಾಗ ಬರೆದುಕೊಡ್ತೀವಿ’ ಅಂದ್ರೆ, ಬೇರೆಯವರು ಬರೆದಿದ್ದಕ್ಕೆ ನನ್ನ ಹೆಸರು ಹಾಕಲ್ಲ ಅಂದ! ಮುಳುಗೋ ಹೊತ್ತಲ್ಲೂ ಹಾಗಂದನಲ್ಲ, ನನಗೆ ಅವನ ಮೇಲೆ ಗೌರವ ಹೆಚ್ಚೋದು ಇಲ್ಲೇ.

ಅಕ್ಟೋಬರ್ 4ಕ್ಕೆ ಶಾರ್ಟ್‌ಹ್ಯಾಂಡ್ ಕಲೀತಿದ್ದ ಅನ್ನಾ ಬಂದ್ಲು. ರಾತ್ರಿ ಇವನು ಟಿಪ್ಪಣಿ ಮಾಡ್ಕೊಳ್ಳೋದು, ಮಧ್ಯಾಹ್ನ ಹೇಳೋದು, ಆಕೆ ಮನೆಗೆ ಹೋಗಿ ನೀಟಾಗಿ ಬರೆದು ಮಾರನೇ ದಿನ ತರೋದು, ತಿಂಗಳ ಕೊನೆಗೆ ಕಾದಂಬರಿ ರೆಡಿ. ಕೊಡೋಕೆ ಹೋದ್ರೆ ಪ್ರಕಾಶಕ ಊರಲ್ಲೇ ಇಲ್ಲ, ಆಫೀಸಿನವರು ತಗೊಳ್ಳಲ್ಲ ಅಂದ್ರು. ಕೊನೆಗೆ ಪೊಲೀಸ್ ಠಾಣೇಲಿ ಹಸ್ತಪ್ರತಿ ಕೊಟ್ಟು ರಸೀದಿ ತಗೊಂಡ, ಅಲ್ಲಿಗೆ ಬಚಾವಾದ.

ಇನ್ನು ಚೆನ್ನಾಗಿದೆಯಾ ಅಂದ್ರೆ, ಆ ಅವಸರಾನೇ ಪುಸ್ತಕದ ಜೀವ. ರೂಲೆಟ್, ಅಂದ್ರೆ ಚಕ್ರ ತಿರುಗಿಸಿ ಆಡೋ ಜೂಜಿನ ಹುಚ್ಚು ಅವನಿಗೇ ಹಿಡಿದಿತ್ತು, ಹಾಗಾಗಿ ಆಡೋನ ಎದೆಬಡಿತ ಸುಳ್ಳಿಲ್ಲದೆ ಬಂದಿದೆ. ಕಾದಂಬರೀಲಿ ಅಜ್ಜಿ ಇವತ್ತು ಸಾಯ್ತಾಳೆ, ನಾಳೆ ಸಾಯ್ತಾಳೆ, ಆಸ್ತಿ ಸಿಗುತ್ತೆ ಅಂತ ಎಲ್ಲರೂ ಕಾಯ್ತಿರೋವಾಗ ಆಯಮ್ಮ ಕುರ್ಚಿ ಮೇಲೆ ಕೂತು ಹೊರಿಸ್ಕೊಂಡು ಬಂದು ತಾನೇ ಜೂಜಿಗೆ ಕೂರೋ ಭಾಗ ಇದೆಯಲ್ಲ, ಅದನ್ನ ನಿಧಾನಕ್ಕೆ ಬರೆದಿದ್ರೆ ಆ ಬಿಸಿ ಉಳೀತಿರಲಿಲ್ಲ.

ಪ್ರಶ್ನೆ: ಅನ್ನಾ ಆಮೇಲೆ ಏನಾದ್ಲು?

ಉತ್ತರ: 1867ರ ಫೆಬ್ರವರೀಲಿ ಅವನನ್ನೇ ಮದುವೆ ಆದ್ಲು. ಸಾಲಗಾರರಿಂದ ತಪ್ಪಿಸ್ಕೊಂಡು 4 ವರ್ಷ ಹೊರದೇಶದಲ್ಲಿದ್ರು, ಅಲ್ಲೂ ಅವನು ರೂಲೆಟ್ ಆಡಿ ಆಕೆಯ ಒಡವೆ ಬಟ್ಟೆ ಎಲ್ಲಾ ಗಿರವಿಗೆ ಹೋದ್ವು, ಮೊದಲ ಮಗು ಸೋನ್ಯಾ ಮೂರೇ ತಿಂಗಳಿಗೆ ಜಿನೀವಾದಲ್ಲಿ ತೀರ್ಕೊಂಡ್ಲು. 1871ರಲ್ಲಿ ಜೂಜು ಬಿಟ್ಟ, ಮತ್ತೆ ಮುಟ್ಟಲಿಲ್ಲ. 1873ರಿಂದ ಅವನ ಪುಸ್ತಕಗಳನ್ನ ಆಕೇನೇ ಮನೆಯಿಂದ ಅಚ್ಚು ಹಾಕಿಸಿ ಮಾರಿದ್ಲು, ಸಾಲಾನೂ ತೀರಿಸಿದ್ಲು. ಅವನ ಕಾದಂಬರಿ ‘ಕರಮಜೋವ್ ಸಹೋದರರು’ ತೆರೆದು ನೋಡಿ, ಅರ್ಪಣೆ ಅನ್ನಾಗೇ.