ಹಿಂಜರಿತದ ಪಾಠ ಒಂದು ದೇಶದಿಂದ ಇನ್ನೊಂದಕ್ಕೆ ದಾಟುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಆರ್ಥಿಕ ಹಿಂಜರಿತ ಬಂದಾಗ ಒಂದು ದೇಶ ಮಾಡಿದ್ದನ್ನು ನೋಡಿ ಇನ್ನೊಂದು ದೇಶ ಕಲಿಯಬಹುದೇ, ಅಥವಾ ಪ್ರತಿ ದೇಶದ ಸ್ಥಿತಿಗತಿಯೂ ಬೇರೆ ಆಗಿರುವುದರಿಂದ ಹೋಲಿಸುವುದೇ ದಂಡವೇ?

ಕಲಿಯಬಹುದು, ಕಲಿತಿದ್ದಾರೆ ಕೂಡ. ಆದರೆ ಎರಡು ಸಂಗತಿ ವಿಚಾರಿಸದೆ ಕಲಿಯಲು ಹೋದರೆ ಪೆಟ್ಟು ಬೀಳುತ್ತದೆ. ಆ ದೇಶದ ಕರೆನ್ಸಿ ಅದರ ಕೈಯಲ್ಲೇ ಇತ್ತೇ ಅನ್ನುವುದು ಒಂದು. ಅಲ್ಲಿ ದುಡಿಯುವವರಿಗೆ ಕೂಲಿ ಯಾವ ದಾರಿಯಲ್ಲಿ ಕೈ ಸೇರುತ್ತದೆ ಅನ್ನುವುದು ಇನ್ನೊಂದು. ನಾನು ದಾವಣಗೆರೆಯ ದಲಾಲಿ ಅಂಗಡಿಗಳಿಗೆ ಲೆಕ್ಕ ಬರೆಯುವವನು, ಹಾಗಾಗಿ ಎರಡನೆಯದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು ಕರೆನ್ಸಿಯ ಮಾತು. 1930ರ ದಶಕದ ಮಹಾಕುಸಿತದ ಹೊತ್ತಿಗೆ ಬಹುತೇಕ ದೊಡ್ಡ ದೇಶಗಳ ಹಣ ಚಿನ್ನಕ್ಕೆ ಕಟ್ಟುಬಿದ್ದಿತ್ತು, ಅಂದರೆ ಹಣದ ಬೆಲೆಯನ್ನು ಅಗತ್ಯ ಬಿದ್ದಾಗ ಇಳಿಸುವಂತಿರಲಿಲ್ಲ. ಬ್ರಿಟನ್ 1931ರ ಸೆಪ್ಟೆಂಬರಿನಲ್ಲಿ ಆ ಕಟ್ಟು ಬಿಚ್ಚಿಕೊಂಡಿತು, ಜಪಾನ್ ಅದೇ ಡಿಸೆಂಬರಿನಲ್ಲಿ, ಅಮೆರಿಕ 1933ರಲ್ಲಿ. ಫ್ರಾನ್ಸ್ 1936ರವರೆಗೂ ಹಿಡಿದ ಪಟ್ಟು ಬಿಡಲಿಲ್ಲ. ಚೇತರಿಕೆಯೂ ಹೆಚ್ಚುಕಡಿಮೆ ಇದೇ ಸರದಿಯಲ್ಲಿ ಬಂತು. ಯಾವುದೋ ಒಂದು ದೇಶದ ಚರಿತ್ರೆ ಮಾತ್ರ ಓದಿದರೆ ಇದು ಕಣ್ಣಿಗೆ ಬೀಳುವುದಿಲ್ಲ, ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ಎದ್ದು ಕಾಣುತ್ತದೆ. ಭಾರತಕ್ಕೆ ಆಗ ಕಲಿತರೂ ಮಾಡುವ ಅಧಿಕಾರ ಇರಲಿಲ್ಲ. ರೂಪಾಯಿಯ ದರ 1 ಶಿಲಿಂಗ್ 6 ಪೆನ್ಸ್ ಎಂದು ಬ್ರಿಟಿಷ್ ಸರ್ಕಾರ ಕಟ್ಟಿಹಾಕಿತ್ತು. ಬೆಳೆಯ ಬೆಲೆ ಬಿದ್ದುಹೋಗಿ, ಹಳ್ಳಿಯ ಹೆಣ್ಣುಮಕ್ಕಳ ಮೈಮೇಲಿನ ಚಿನ್ನ ಮಾರಾಟವಾಗಿ ಹಡಗು ಹತ್ತಿತು.

2008ರಲ್ಲೂ ಇದೇ ಪ್ರಶ್ನೆ ಬಂತು. ಐಸ್‌ಲ್ಯಾಂಡಿನ ಜನಸಂಖ್ಯೆ ಆಗ ಮೂರು ಲಕ್ಷದ ಆಸುಪಾಸು, ನಮ್ಮ ದಾವಣಗೆರೆ ನಗರಕ್ಕಿಂತ ಕಡಿಮೆ. ಅಲ್ಲಿನ ಮೂರು ದೊಡ್ಡ ಬ್ಯಾಂಕುಗಳು ಮುಳುಗಿದಾಗ ಸರ್ಕಾರ ಒಳನಾಡಿನ ಠೇವಣಿಯನ್ನು ಹೊಸ ಬ್ಯಾಂಕುಗಳಿಗೆ ಎತ್ತಿಹಾಕಿತು, ಆ ಬ್ಯಾಂಕುಗಳಿಗೆ ಸಾಲ ಕೊಟ್ಟಿದ್ದ ವಿದೇಶಿಯರು ನಷ್ಟ ಹೊತ್ತರು. ಅವರ ಕ್ರೋನಾದ ಬೆಲೆ ಸುಮಾರು ಅರ್ಧಕ್ಕೆ ಇಳಿದು ಆಮದು ತುಟ್ಟಿಯಾಯಿತು, ಆದರೆ ಮೀನಿನ ರಫ್ತಿಗೂ ಪ್ರವಾಸೋದ್ಯಮಕ್ಕೂ ಅನುಕೂಲವಾಯಿತು. ಐರ್ಲೆಂಡ್ ಮಾತ್ರ ತನ್ನ ದೊಡ್ಡ ಬ್ಯಾಂಕುಗಳ ಹೆಚ್ಚುಕಡಿಮೆ ಎಲ್ಲ ಹೊರೆಗೂ ತಾನೇ ಜಾಮೀನು ನಿಂತು, 2010ರ ಕೊನೆಗೆ ಯುರೋಪಿಯನ್ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈಯೊಡ್ಡಬೇಕಾಯಿತು. 'ಐರ್ಲೆಂಡ್ ಕೂಡ ಐಸ್‌ಲ್ಯಾಂಡಿನಂತೆ ಮಾಡಬೇಕಿತ್ತು' ಎಂದು ಬರೆದವರು ಬಹಳ ಜನ. ಜಾಮೀನಿನ ವಿಷಯದಲ್ಲಿ ಆ ಮಾತು ಒಪ್ಪಬಹುದು. ಆದರೆ ಯುರೋ ಬಳಸುವ ದೇಶ ತನ್ನೊಬ್ಬನಿಗೋಸ್ಕರ ಹಣದ ಬೆಲೆ ಇಳಿಸುವುದು ಹೇಗೆ? ಜಗಳೂರಿನ ರೈತ ಹರಿಹರದ ಕಡೆಯ ಬೀಜ ತರುವ ಮೊದಲು ಅಲ್ಲಿ ಭದ್ರಾ ನಾಲೆ ನೀರೋ, ಬರೀ ಮಳೆಯೋ ಎಂದು ಕೇಳಿಯೇ ಕೇಳುತ್ತಾನೆ. ದೊಡ್ಡ ದೊಡ್ಡ ಅಂಕಣಕಾರರು ಅಷ್ಟನ್ನೂ ಕೇಳಲಿಲ್ಲ.

ತಪ್ಪು ಪಾಠ ದೇಶದಿಂದ ದೇಶಕ್ಕೆ ಹಬ್ಬಿದ ಒಂದು ಪ್ರಕರಣ ನನ್ನಂಥ ಲೆಕ್ಕದವರ ನಿದ್ದೆ ಕೆಡಿಸುವಂಥದ್ದು. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಅಂಕಿಅಂಶ ಒಟ್ಟುಹಾಕಿ, ಸರ್ಕಾರದ ಸಾಲ ಜಿಡಿಪಿಯ ಶೇ 90 ದಾಟಿದ ಕಡೆ ಬೆಳವಣಿಗೆ ಸರಾಸರಿ ಮೈನಸ್ 0.1ಕ್ಕೆ ಇಳಿಯುತ್ತದೆ ಎಂದರು. ಖರ್ಚು ಕಡಿತ ಮಾಡಲೇಬೇಕು ಎನ್ನುತ್ತಿದ್ದ ಯುರೋಪು ಮತ್ತು ಅಮೆರಿಕದ ರಾಜಕಾರಣಿಗಳಿಗೆ ಅದು ಒಳ್ಳೆಯ ಆಧಾರವಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್‌ನ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ಆ ಎಕ್ಸೆಲ್ ಕಡತವನ್ನೇ ಕೇಳಿ ಪಡೆದು ನೋಡಿದರೆ, ಸರಾಸರಿ ತೆಗೆದ ಸೂತ್ರದೊಳಗೆ ಐದು ಸಾಲುಗಳೇ ಸೇರಿರಲಿಲ್ಲ: ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್. ಸಾಲದ್ದಕ್ಕೆ, ಕೆಲವು ದೇಶಗಳ ಕೆಲವು ವರ್ಷಗಳನ್ನು ಕೈಬಿಟ್ಟು, ನ್ಯೂಜಿಲೆಂಡಿನ ಒಂದೇ ಒಂದು ಕೆಟ್ಟ ವರ್ಷಕ್ಕೆ ಬ್ರಿಟನ್ನಿನ 19 ವರ್ಷಗಳಷ್ಟೇ ತೂಕ ಕೊಟ್ಟಿದ್ದರು. ಎಲ್ಲ ಸರಿಪಡಿಸಿ ನೋಡಿದಾಗ ಮೈನಸ್ 0.1 ಇದ್ದದ್ದು ಪ್ಲಸ್ 2.2 ಆಯಿತು. ಎಕ್ಸೆಲ್ ತಪ್ಪನ್ನು ಲೇಖಕರು ಒಪ್ಪಿಕೊಂಡರು, ಸಾಲ ಹೆಚ್ಚಾದರೆ ಬೆಳವಣಿಗೆ ನಿಧಾನವಾಗುತ್ತದೆ ಎಂಬ ಮೂಲ ವಾದವನ್ನು ಬಿಡಲಿಲ್ಲ. ಅಷ್ಟರೊಳಗೆ ಗ್ರೀಸ್, ಸ್ಪೇನ್‌ಗಳಲ್ಲಿ ನಾಲ್ಕು ಜನರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಅದೆಲ್ಲ ಆ ಒಂದು ಕಡತದಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಅಷ್ಟು ಜನರ ಅನ್ನಕ್ಕೆ ಸಂಬಂಧಪಟ್ಟ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡಲು ಮೂರು ವರ್ಷ ಹಿಡಿಯಿತಲ್ಲ, ಅದು ನನಗೆ ಈಗಲೂ ಸಂಕಟ.

ಸರಿಯಾಗಿ ದಾಟಿ ಬಂದ ಪಾಠಕ್ಕೂ ಉದಾಹರಣೆ ಇದೆ. ಅಮೆರಿಕದಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿದ ಮೇಲೆ 1933ರಲ್ಲಿ ಠೇವಣಿ ವಿಮೆಯ ಕಾನೂನು ಬಂತು. ನಮ್ಮಲ್ಲಿ 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿತು, 1961ರಲ್ಲಿ ಅಂಥದ್ದೇ ಕಾನೂನು ಮಾಡಿದೆವು. ಶುರುವಿನಲ್ಲಿ ಇದ್ದ ಮಿತಿ 1,500 ರೂಪಾಯಿ, 2020ರಿಂದ 5 ಲಕ್ಷ. ವಿಷಯ ಬಂದದ್ದಕ್ಕೆ ಹೇಳುತ್ತೇನೆ: ಸಹಕಾರಿ ಬ್ಯಾಂಕಿನ ಠೇವಣಿಗೆ ಈ ವಿಮೆ ಇದೆ, ಪತ್ತಿನ ಸಹಕಾರ ಸಂಘದ್ದಕ್ಕೆ ಇಲ್ಲ. ನಮ್ಮ ಊರಲ್ಲಿ ಎರಡನ್ನೂ ಒಂದೇ ಎಂದುಕೊಂಡು ದುಡ್ಡು ಇಡುವವರು ತುಂಬ ಜನ. ದಯವಿಟ್ಟು ಪಾಸ್‌ಬುಕ್ ತೆಗೆದು ಒಮ್ಮೆ ನೋಡಿಕೊಳ್ಳಿ.

ಈಗ ಕೂಲಿಯ ವಿಷಯ. 2009ರಲ್ಲಿ ಜರ್ಮನಿಯ ಜಿಡಿಪಿ ಶೇ 5ಕ್ಕೂ ಹೆಚ್ಚು ಕುಸಿದರೂ ನಿರುದ್ಯೋಗ ಹೆಚ್ಚೇನೂ ಏರಲಿಲ್ಲ. ಕಾರಣಗಳಲ್ಲಿ ಒಂದು ಕುರ್ಜ್‌ಆರ್ಬೈಟ್ ಎಂಬ ವ್ಯವಸ್ಥೆ. ಕೆಲಸಗಾರರನ್ನು ತೆಗೆದುಹಾಕುವ ಬದಲು ಕಂಪನಿ ಅವರ ಕೆಲಸದ ಗಂಟೆ ಕಡಿಮೆ ಮಾಡುತ್ತದೆ, ಕಳೆದುಹೋದ ಸಂಬಳದಲ್ಲಿ ಶೇ 60ರಷ್ಟನ್ನು, ಮಕ್ಕಳಿದ್ದವರಿಗೆ ಶೇ 67ರಷ್ಟನ್ನು, ಸರ್ಕಾರಿ ಉದ್ಯೋಗ ಸಂಸ್ಥೆ ತುಂಬಿಕೊಡುತ್ತದೆ. 2020ರಲ್ಲಿ ಬ್ರಿಟನ್ ಕೂಡ ಇದೇ ಜಾತಿಯ ಯೋಜನೆ ತಂದು, ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ ಶೇ 80ರಷ್ಟು ಸಂಬಳ ಕೊಟ್ಟಿತು. ಅಲ್ಲಿ ಪ್ರತಿ ನೌಕರನ ಸಂಬಳ ತೆರಿಗೆ ಇಲಾಖೆಯ ದಾಖಲೆಯಲ್ಲಿ ಇರುವುದರಿಂದ ಅದು ನಡೆಯಿತು.

ದಾವಣಗೆರೆ ಹತ್ತಿಗಿರಣಿಗಳ ಊರಾಗಿದ್ದಾಗ ಇಲ್ಲೂ ಕೆಲಸಗಾರರ ಹೆಸರು, ಹಾಜರಿ ಬರೆಯುವ ಮಸ್ಟರ್ ರೋಲ್ ಇತ್ತು, ಪಿಎಫ್ ಇತ್ತು. ಮಿಲ್ಲು ಕೆಲಸ ಕೊಡಲಾಗದೆ ಲೇ-ಆಫ್ ಮಾಡಿದರೆ ಕಾಯಂ ಕಾರ್ಮಿಕನಿಗೆ ಅರ್ಧ ಸಂಬಳ ಕೊಡಬೇಕು ಎಂಬ ಕಾನೂನು 1953ರಲ್ಲೇ ಬಂದಿತ್ತು. ಕೊಡಬೇಕಾದವನು ಮಾಲೀಕ, ಸರ್ಕಾರ ಅಲ್ಲ ಅನ್ನುವುದು ಒಂದು ಕೊರತೆ, ಬದಲಿ ಕೆಲಸಗಾರರಿಗೆ ಅದೂ ಇಲ್ಲ ಅನ್ನುವುದು ಇನ್ನೊಂದು. ಮಿಲ್ಲುಗಳು ಮುಚ್ಚಿದ ಮೇಲೆ ಆ ರೋಲೂ ಹೋಯಿತು.

ಇವತ್ತು ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಬಂದು ನೋಡಿ. ಲಾರಿಯಿಂದ ಇಳಿಸಿದ್ದಕ್ಕೆ, ತೂಕಕ್ಕೆ ಹಾಕಿದ್ದಕ್ಕೆ, ಬಾಯಿ ಹೊಲಿದಿದ್ದಕ್ಕೆ, ಮತ್ತೆ ಹೇರಿದ್ದಕ್ಕೆ ಚೀಲದ ಲೆಕ್ಕದಲ್ಲಿ ಕೂಲಿ. ಗುಂಪಿನ ಪರವಾಗಿ ಒಬ್ಬ ಬಂದು ದುಡ್ಡು ಎಣಿಸಿಕೊಂಡು ಹೋಗಿ ಅವರವರೊಳಗೆ ಹಂಚುತ್ತಾನೆ. ನಾನು ಬರೆಯುವ ಖಾತೆಯಲ್ಲಿ ಇದಿಷ್ಟೂ 'ಹಮಾಲಿ ಖರ್ಚು' ಎಂಬ ಒಂದೇ ಸಾಲು. ಮಂಡಕ್ಕಿ ಭಟ್ಟಿಗಳಲ್ಲಿ ಇಷ್ಟೂ ಇಲ್ಲ. ಕಾದ ಮರಳಿನ ಮುಂದೆ ನಿಂತು ಮನೆಮಂದಿಯೆಲ್ಲ ದುಡಿಯುತ್ತಾರೆ, ಯಾರ ಪಾಲಿನ ಕೂಲಿ ಎಷ್ಟು ಎಂದು ಅವರೇ ಲೆಕ್ಕ ಇಡುವುದಿಲ್ಲ. ಲಾಕ್‌ಡೌನಿನಲ್ಲಿ ಯಾರ್ಡ್ ಬಿಕೋ ಎಂದಾಗ ಇವರಿಗೆ ಶೇ 80 ಕೊಡೋಣ ಎಂದರೆ ಯಾವುದರ ಶೇ 80?

ಹಾಗಾಗಿ ನಮ್ಮ ಕಣ್ಣು ಜರ್ಮನಿಗಿಂತ ಮೊದಲು ಬ್ರೆಜಿಲ್ ಕಡೆ ಹೋಗಬೇಕು. ಅಲ್ಲೂ ನಮ್ಮಂತೆ ಅಸಂಘಟಿತ ದುಡಿಮೆಗಾರರು ಬಹಳ. ಬಡ ಕುಟುಂಬಗಳ ರಾಷ್ಟ್ರೀಯ ನೋಂದಣಿಯನ್ನು ಅವರು 2001ರಿಂದಲೇ ಕಟ್ಟಿಕೊಂಡು ಬಂದಿದ್ದರು. 2020ರಲ್ಲಿ ಅದನ್ನು ಆಧಾರ ಮಾಡಿಕೊಂಡು, ಹೆಸರಿಲ್ಲದವರಿಗೆ ಮೊಬೈಲ್ ಆ್ಯಪ್ ತೆರೆದು, ತಿಂಗಳಿಗೆ 600 ರಿಯಾಲ್‌ನಂತೆ 6.5 ಕೋಟಿಗೂ ಹೆಚ್ಚು ಜನರಿಗೆ ತಲುಪಿಸಿದರು. ನಮ್ಮ ಕೇಂದ್ರ ಸರ್ಕಾರ ಜನಧನ ಖಾತೆಯ ಮಹಿಳೆಯರಿಗೆ ಮೂರು ತಿಂಗಳು 500 ರೂಪಾಯಿಯಂತೆ ಹಾಕಿತು, ಪಡಿತರವನ್ನೂ ಕೊಟ್ಟಿತು. ರಾಜ್ಯ ಸರ್ಕಾರ ಆಟೋ, ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ ಘೋಷಿಸಿತು, ಆದರೆ ಚಾಲಕರು ಸೇವಾಸಿಂಧು ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಿ ಕಾಯಬೇಕಿತ್ತು. ದುಡ್ಡು ಕೊಡುವ ಮನಸ್ಸಿದ್ದರೂ ಪಟ್ಟಿ ಇಲ್ಲದಿದ್ದರೆ ಆಗುವುದೇ ಇದು.

ಪಟ್ಟಿಯೇ ಬೇಡದ ಒಂದು ದಾರಿ ಮಾತ್ರ ನಮ್ಮ ನೆಲದಲ್ಲೇ ಹುಟ್ಟಿದ್ದು, ಉದ್ಯೋಗ ಖಾತರಿ. 1972ರ ಬರಗಾಲದ ಹೊತ್ತಿನಲ್ಲಿ ಮಹಾರಾಷ್ಟ್ರದಲ್ಲಿ ಬೇರೂರಿದ ಯೋಜನೆ ಅದು. 2006ರಲ್ಲಿ ದೇಶದ ಮೊದಲ 200 ಜಿಲ್ಲೆಗಳಿಗೆ ಬಂದಾಗ ದಾವಣಗೆರೆ, ಚಿತ್ರದುರ್ಗ ಎರಡೂ ಅದರಲ್ಲಿದ್ದವು. ಯಾರು ಎಷ್ಟು ಕಳೆದುಕೊಂಡರು ಎಂದು ಸರ್ಕಾರ ಅಳೆಯಬೇಕಿಲ್ಲ, ಕೆಲಸ ಬೇಕಾದವನು ತಾನೇ ಬಂದು ಕೇಳುತ್ತಾನೆ. 2020-21ರಲ್ಲಿ ದೇಶದಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಬೇರೆ ದೇಶಗಳು ನಮ್ಮಿಂದ ಕಲಿಯುವುದಾದರೆ ಇದನ್ನೇ ಕಲಿಯಲಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಆದರೆ ಆ ಖಾತರಿ ಗ್ರಾಮ ಪಂಚಾಯಿತಿಯ ಗಡಿಗೆ ನಿಂತುಬಿಟ್ಟಿತು, ನಗರದ ಹಮಾಲಿಗೆ ಸಿಗಲಿಲ್ಲ. ಕೇರಳ 2010ರಲ್ಲಿ, ರಾಜಸ್ಥಾನ 2022ರಲ್ಲಿ ನಗರಕ್ಕೂ ಇಂಥ ಯೋಜನೆ ಮಾಡಿ ತೋರಿಸಿವೆ. 2021ರಲ್ಲಿ ಶುರುವಾದ ಇ-ಶ್ರಮ್ ಎಂಬ ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ನೋಂದಣಿಯಲ್ಲಿ 30 ಕೋಟಿಗೂ ಹೆಚ್ಚು ಜನರ ಹೆಸರು ಸೇರಿದೆ, ಅಂದರೆ ಬ್ರೆಜಿಲ್‌ನಂತೆ ನಮಗೂ ಒಂದು ಪಟ್ಟಿ ಆಗಿದೆ. ಯಾರಿಗೆ ಈ ತಿಂಗಳು ಕೆಲಸ ತಪ್ಪಿತು ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ. ದಲಾಲಿ ಅಂಗಡಿಗಳು ಹಮಾಲಿ ಖರ್ಚನ್ನು ಒಂದೇ ಸಾಲಿನಲ್ಲಿ ಬರೆಯದೆ ಹೆಸರುವಾರು ಬರೆದು ಎಪಿಎಂಸಿಗೆ ಒಪ್ಪಿಸಿದರೆ, ಕನಿಷ್ಠ ಯಾರ್ಡಿನ ಮಟ್ಟಿಗೆ ಅದು ಗೊತ್ತಾಗುತ್ತದೆ. ಲೆಕ್ಕ ಬರೆಯುವವರಿಗೆ ದಿನಕ್ಕೆ ಸ್ವಲ್ಪ ಹೆಚ್ಚು ಹೊತ್ತಿನ ಕೆಲಸ ಅಷ್ಟೇ, ಮಾಡಲು ನಾನಂತೂ ತಯಾರಿದ್ದೇನೆ.