ಪ್ರ: ಕಾರಿನ ಟರ್ನ್ ಸಿಗ್ನಲ್ (ತಿರುವು ಸೂಚಕ) ಪೇಟೆಂಟ್ ಮೂಕಿ ಚಿತ್ರಗಳ ಕಾಲದ ನಟಿ ಫ್ಲಾರೆನ್ಸ್ ಲಾರೆನ್ಸ್ ಹೆಸರಲ್ಲಿತ್ತೇ? ಅವರ ಹಳೇ ಚಿತ್ರಗಳಲ್ಲಿ ಹೆಸರೇ ಯಾಕೆ ಕಾಣಲ್ಲ?

ಪೇಟೆಂಟ್ ಇರಲಿಲ್ಲ. ಟರ್ನ್ ಸಿಗ್ನಲ್ ಮಾಡಿ ಪೇಟೆಂಟ್ ಪಡೆದರೆಂದು ನೆಟ್‌ನಲ್ಲಿ ಓಡಾಡುವ ಮಾತು ಅರ್ಧ ಮಾತ್ರ ನಿಜ. 1914ರ ಹೊತ್ತಿಗೆ ಅವರು ಕಾರಿಗೆ ಸನ್ನೆ ತೋರುವ ಒಂದು ಕೈ ಮಾಡಿಸಿದ್ದು ಹೌದು: ಗುಂಡಿ ಒತ್ತಿದರೆ ಹಿಂಬದಿಯ ಫೆಂಡರ್ (ಚಕ್ರದ ಮೇಲಿನ ಹೊದಿಕೆ) ಮೇಲೆ ತಿರುವಿನ ದಿಕ್ಕು ತೋರುವ ಫಲಕ ಏಳುತ್ತಿತ್ತು, ಬ್ರೇಕ್ ತುಳಿದರೆ ಹಿಂದೆ 'ಸ್ಟಾಪ್' ಫಲಕ ಮೇಲೆ ಬರುತ್ತಿತ್ತು. ಆದರೆ ಪೇಟೆಂಟ್ ಮಾಡಿಸಲಿಲ್ಲ, ಹಾಗಾಗಿ ಕಾಸೂ ಹುಟ್ಟಲಿಲ್ಲ. ವಿದ್ಯುತ್ ವೈಪರ್‌ಗೆ ಪೇಟೆಂಟ್ ಪಡೆದದ್ದು ಅವರ ತಾಯಿ ಷಾರ್ಲೆಟ್ ಬ್ರಿಜ್‌ವುಡ್. ಇಬ್ಬರನ್ನೂ ಕಲಸಿಬಿಡುತ್ತಾರೆ.

ಹೆಸರಿನ ವಿಷಯ: ಅವರು ನಟಿಸುತ್ತಿದ್ದ ಅಮೆರಿಕದ ಚಿತ್ರ ತಯಾರಕ ಬಯೋಗ್ರಾಫ್ ಕಂಪನಿ ನಟರ ಹೆಸರನ್ನೇ ಹಾಕುತ್ತಿರಲಿಲ್ಲ, ಹೆಸರಾದರೆ ಸಂಬಳ ಹೆಚ್ಚು ಕೇಳುತ್ತಾರೆಂಬ ಲೆಕ್ಕ. ಜನ 'ಬಯೋಗ್ರಾಫ್ ಹುಡುಗಿ' ಅಂತಲೇ ಕರೆದರು. ನಿರ್ಮಾಪಕ ಕಾರ್ಲ್ ಲೆಮ್ಲೆ ತನ್ನ ಐಎಂಪಿ (ಇಂಡಿಪೆಂಡೆಂಟ್ ಮೂವಿಂಗ್ ಪಿಕ್ಚರ್ಸ್) ಕಂಪನಿಗೆ ಸೆಳೆದುಕೊಂಡು, 1910ರಲ್ಲಿ ಆಕೆ ಸತ್ತಳೆಂಬ ಸುದ್ದಿ ಸುಳ್ಳೆಂದು ಜಾಹೀರಾತು ಕೊಟ್ಟು, ಹೆಸರು ಸಮೇತ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಜನರ ಮುಂದೆ ನಿಲ್ಲಿಸಿದ. ಪಕ್ಕಾ ವ್ಯಾಪಾರಿ ಬುದ್ಧಿ!

ಚಿತ್ರ ನೋಡಬೇಕಾದರೆ ನಟಿಯ ಹೆಸರಿನಿಂದ ಹುಡುಕಬೇಡಿ, ಬಯೋಗ್ರಾಫ್‌ನ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್‌ನ 1908–09ರ ಕಿರುಚಿತ್ರಗಳಿಂದ ಶುರುಮಾಡಿ. ಜಾನ್ ಕಂಪ್ಸನ್ ಜತೆಗಿನ 'ಜೋನ್ಸ್' ಹಾಸ್ಯ ಸರಣಿಯಲ್ಲಿ ಮಿಸೆಸ್ ಜೋನ್ಸ್ ಈಕೆಯೇ. 1912ರವರೆಗೆ ಚಲನಚಿತ್ರಕ್ಕೇ ಅಮೆರಿಕದಲ್ಲಿ ಕಾಪಿರೈಟ್ ಇರದ ಕಾರಣ, ಫೋಟೋಗಳೆಂದು ಕಾಪಿರೈಟ್ ಪಡೆಯಲು ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಡುತ್ತಿದ್ದರು. ಬಯೋಗ್ರಾಫ್ ಚಿತ್ರಗಳು ಉಳಿದದ್ದು ಬಹುಮಟ್ಟಿಗೆ ಹಾಗೆ.

ಇನ್ನೊಂದು, ಹಾಲಿವುಡ್‌ನಲ್ಲಿರುವ ಅವರ ಸಮಾಧಿ ಫಲಕದಲ್ಲಿನ ಹುಟ್ಟಿದ ವರ್ಷ 1890 ನಂಬಬೇಡಿ. ಅದನ್ನು ಹಾಕಿದ್ದೇ 1991ರಲ್ಲಿ. ಹುಟ್ಟಿದ್ದು 1886, ಕೆನಡಾದ ಹ್ಯಾಮಿಲ್ಟನ್.